ಮಿದುಳಿನ ಶಸ್ತ್ರಚಿಕಿತ್ಸೆ: ಮೇಜಿನ ಮೇಲೆ ಗೆದ್ದದ್ದು ವಾರ್ಡಿನಲ್ಲಿ ಏಕೆ ಸೋಲುತ್ತದೆ?

ಪ್ರಶ್ನೆ: ರಸ್ತೆ ಅಪಘಾತದಲ್ಲಿ ನನ್ನ ತಮ್ಮನ ತಲೆಗೆ ಪೆಟ್ಟಾಗಿ, ಮಿದುಳಿನ ಮೇಲೆ ಹೆಪ್ಪುಗಟ್ಟಿದ್ದ ರಕ್ತವನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ತಲೆಬುರುಡೆಯ ಒಂದು ಭಾಗವನ್ನು ಹೊರತೆಗೆದು ಇಟ್ಟಿದ್ದಾರೆ. ಈಗ ಕಣ್ಣು ಬಿಡುತ್ತಾನೆ, ಹೇಳಿದ್ದು ತಿಳಿಯುತ್ತದೆ, ಬಲಗೈಯಲ್ಲಿ ಮಾತ್ರ ಶಕ್ತಿಯಿಲ್ಲ. ಅಭಿವೃದ್ಧಿಶೀಲ ದೇಶಗಳಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯ ಫಲಿತಾಂಶ ಮುಂದುವರಿದ ದೇಶಗಳಿಗಿಂತ ಬಹಳ ಕೆಟ್ಟದ್ದೆಂದು ಓದಿದೆ. ಇದು ನಿಜವೇ? ವೈದ್ಯರಲ್ಲಿ ಕೌಶಲದ ಕೊರತೆ ಇದಕ್ಕೆ ಕಾರಣವೇ? ನಾವು ಯಾವ ತೊಡಕುಗಳ ಬಗ್ಗೆ ಎಚ್ಚರದಿಂದಿರಬೇಕು?

ಉತ್ತರ: ಫಲಿತಾಂಶದಲ್ಲಿ ವ್ಯತ್ಯಾಸವಿರುವುದು ನಿಜ. ಆದರೆ ಆ ವ್ಯತ್ಯಾಸದ ದೊಡ್ಡ ಪಾಲು ಶಸ್ತ್ರಚಿಕಿತ್ಸಾ ಕೊಠಡಿಯೊಳಗೆ ಹುಟ್ಟುವುದಿಲ್ಲ. ಬುರುಡೆಯನ್ನು ತೆರೆದು ಹೆಪ್ಪುಗಟ್ಟಿದ ರಕ್ತವನ್ನು ತೆಗೆಯುವ ವಿಧಾನ ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದು, ತರಬೇತಿ ಪಡೆದ ಶಸ್ತ್ರವೈದ್ಯರು ಎಲ್ಲಿದ್ದರೂ ಅದನ್ನು ಚೆನ್ನಾಗಿಯೇ ಮಾಡುತ್ತಾರೆ. ದಿನವೂ ತಲೆಪೆಟ್ಟಿನ ರೋಗಿಗಳನ್ನು ನೋಡುವವರಿಗೆ ಈ ಕೆಲಸದಲ್ಲಿ ಕೈ ಇನ್ನೂ ಪಳಗಿರುತ್ತದೆ. ರೋಗಿ ಆ ಮೇಜಿನ ಮೇಲೆ ಬರುವುದಕ್ಕೆ ಮುಂಚೆ ಕಳೆದುಹೋದ ಗಂಟೆಗಳು ಮತ್ತು ಮೇಜಿನಿಂದ ಇಳಿದ ಮೇಲಿನ ದಿನಗಳಲ್ಲಿ ಸಿಗುವ ಅಥವಾ ಸಿಗದಿರುವ ಆರೈಕೆ, ಇವೇ ಫಲಿತಾಂಶವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ನಿಮ್ಮ ತಮ್ಮ ಮೊದಲಿನ ಗಂಡಾಂತರವನ್ನು ದಾಟಿದ್ದಾನೆ. ಎರಡನೆಯದರಲ್ಲಿ ಮನೆಯವರ ಪಾತ್ರ ದೊಡ್ಡದಾದ್ದರಿಂದ ಈ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಕೊರತೆಯ ಪ್ರಮಾಣವನ್ನು ನೋಡೋಣ. 2018ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ, ಪ್ರಪಂಚದಲ್ಲಿ ಪ್ರತಿ ವರ್ಷ ಸುಮಾರು 1.38 ಕೋಟಿ ಜನರಿಗೆ ನರಶಸ್ತ್ರಚಿಕಿತ್ಸೆಯ, ಅಂದರೆ ಮಿದುಳು, ಬೆನ್ನುಹುರಿ ಮತ್ತು ನರಗಳ ಶಸ್ತ್ರಚಿಕಿತ್ಸೆಯ, ಅಗತ್ಯ ಬೀಳುತ್ತದೆ. ಅವರಲ್ಲಿ ಸುಮಾರು 50 ಲಕ್ಷ ಮಂದಿಗೆ ಅದು ಸಿಗುವುದೇ ಇಲ್ಲ, ಮತ್ತು ಹಾಗೆ ಸಿಗದವರು ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳವರು. ಈ ಕೊರತೆಯನ್ನು ತುಂಬಲು ಇನ್ನೂ 23,000ಕ್ಕೂ ಹೆಚ್ಚು ನರಶಸ್ತ್ರವೈದ್ಯರು ಬೇಕೆಂದು ಅದೇ ಅಧ್ಯಯನ ಲೆಕ್ಕಹಾಕಿತ್ತು. ಹೀಗಾಗಿ ವೈದ್ಯರ ಕೌಶಲಕ್ಕಿಂತ ವೈದ್ಯರ ಸಂಖ್ಯೆ ಮತ್ತು ಅವರಿರುವ ಸ್ಥಳ ಮುಖ್ಯವಾದ ಪ್ರಶ್ನೆ. ಆಸ್ಪತ್ರೆಯನ್ನು ಮುಟ್ಟುವ ಮೊದಲೇ ತೀರಿಕೊಂಡವರು ಯಾವ ಆಸ್ಪತ್ರೆಯ ಅಂಕಿ ಅಂಶದಲ್ಲೂ ಸೇರುವುದಿಲ್ಲ ಎಂಬುದನ್ನು ಇಲ್ಲೇ ನೆನಪಿಟ್ಟುಕೊಳ್ಳಬೇಕು. ಸಾರಿಗೆ ಸೌಕರ್ಯವಿಲ್ಲದ ಪ್ರದೇಶದ ಆಸ್ಪತ್ರೆಯೊಂದರಲ್ಲಿ ಸಾವಿನ ಪ್ರಮಾಣ ಆಶ್ಚರ್ಯವೆನಿಸುವಷ್ಟು ಕಡಿಮೆ ಕಂಡುಬಂದರೆ, ತೀವ್ರವಾಗಿ ಗಾಯಗೊಂಡವರು ದಾರಿಯಲ್ಲೇ ಉಳಿದುಹೋದರು ಎಂಬುದು ಅದರ ಅರ್ಥವಾಗಿರಬಹುದು. ಆದ್ದರಿಂದ ಎರಡು ದೇಶಗಳ ಶೇಕಡಾವಾರು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ತೀರ್ಮಾನಕ್ಕೆ ಬರುವುದು ಸರಿಯಲ್ಲ; ಯಾರನ್ನು ಎಣಿಸಿದ್ದಾರೆ, ಎಷ್ಟು ದಿನಗಳವರೆಗೆ ಎಣಿಸಿದ್ದಾರೆ ಎಂಬುದನ್ನು ಮೊದಲು ನೋಡಬೇಕು.

ಕಾಲದ ವಿಷಯಕ್ಕೆ ಬರುತ್ತೇನೆ. ಮಿದುಳಿನ ಹೊರಪೊರೆಯ ಕೆಳಗೆ ರಕ್ತ ಶೇಖರವಾಗುವ ಸ್ಥಿತಿಯನ್ನು ವೈದ್ಯರು ಸಬ್‌ಡ್ಯೂರಲ್ ಹೆಮಟೋಮಾ ಎನ್ನುತ್ತಾರೆ; ನಿಮ್ಮ ತಮ್ಮನಿಗೆ ಆಗಿದ್ದುದು ಬಹುಶಃ ಇದೇ. ಬುರುಡೆ ಹಿಗ್ಗುವುದಿಲ್ಲವಾದ್ದರಿಂದ ರಕ್ತ ಹೆಚ್ಚಿದಂತೆ ಮಿದುಳು ಒಂದು ಪಕ್ಕಕ್ಕೂ ಕೆಳಕ್ಕೂ ತಳ್ಳಲ್ಪಡುತ್ತದೆ. ಮೊದಲು ಒಂದು ಕಣ್ಣಿನ ಪಾಪೆ ಹಿಗ್ಗಿ ಬೆಳಕಿಗೆ ಸ್ಪಂದಿಸದಂತಾಗುತ್ತದೆ, ಆಮೇಲೆ ಉಸಿರಾಟವನ್ನು ನಿಯಂತ್ರಿಸುವ ಮಿದುಳುಕಾಂಡವೇ ಒತ್ತಡಕ್ಕೆ ಸಿಕ್ಕಿಕೊಳ್ಳುತ್ತದೆ. 1981ರಲ್ಲಿ ಅಮೆರಿಕದಿಂದ ಬಂದ ಪ್ರಸಿದ್ಧ ವರದಿಯೊಂದರಲ್ಲಿ, ಇಂಥ ರೋಗಿಗಳ ಪೈಕಿ ಪೆಟ್ಟಾದ ನಾಲ್ಕು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಸಾವು ಶೇ. 30ರಷ್ಟಿದ್ದರೆ, ಅದಕ್ಕಿಂತ ತಡವಾದವರಲ್ಲಿ ಶೇ. 90ರಷ್ಟಿತ್ತು. ಮುಂದಿನ ಅಧ್ಯಯನಗಳಲ್ಲಿ ಈ ಅಂತರ ಇಷ್ಟು ನಿಚ್ಚಳವಾಗಿ ಕಾಣಲಿಲ್ಲವಾದರೂ, ಒತ್ತಡ ಹೆಚ್ಚುತ್ತಿರುವ ಮಿದುಳಿಗೆ ಕಾಯುವ ಶಕ್ತಿಯಿಲ್ಲ ಎಂಬ ಮೂಲ ತಿಳಿವಳಿಕೆ ಬದಲಾಗಿಲ್ಲ. 2022ರಲ್ಲಿ ಪ್ರಕಟವಾದ, 57 ದೇಶಗಳ 159 ಆಸ್ಪತ್ರೆಗಳಲ್ಲಿ ತಲೆಪೆಟ್ಟಿಗೆ ತುರ್ತು ಶಸ್ತ್ರಚಿಕಿತ್ಸೆಯಾದ 1,635 ರೋಗಿಗಳನ್ನು ಗಮನಿಸಿದ ಅಧ್ಯಯನದಲ್ಲಿ, ಪೆಟ್ಟಿನಿಂದ ಶಸ್ತ್ರಚಿಕಿತ್ಸೆಯವರೆಗಿನ ಮಧ್ಯಾಂಕ ಅವಧಿ 13 ಗಂಟೆಗಳಾಗಿತ್ತು, ಅಂದರೆ ಅರ್ಧದಷ್ಟು ರೋಗಿಗಳಿಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು. ಆಯುಸ್ಸು, ಶಿಕ್ಷಣ, ಆದಾಯಗಳನ್ನು ಅಳೆಯುವ ಮಾನವ ಅಭಿವೃದ್ಧಿ ಸೂಚ್ಯಂಕ ಕೆಳಮಟ್ಟದಲ್ಲಿರುವ ದೇಶಗಳಲ್ಲಿ ಈ ವಿಳಂಬ ಇನ್ನೂ ಹೆಚ್ಚು.

ಆ ಗಂಟೆಗಳು ಹೇಗೆ ಕಳೆಯುತ್ತವೆ? ಮೊದಲು ಮುಟ್ಟಿದ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಇರುವುದಿಲ್ಲ. ಸ್ಕ್ಯಾನ್ ಇರುವ ಎರಡನೆಯ ಕಡೆ ನರಶಸ್ತ್ರವೈದ್ಯರಿರುವುದಿಲ್ಲ. ಮೂರನೆಯ ಕಡೆ ವೈದ್ಯರಿದ್ದಾರೆ, ಐಸಿಯು ಹಾಸಿಗೆ ಖಾಲಿಯಿಲ್ಲ. ಈ ನಡುವೆ ಆಂಬುಲೆನ್ಸಿನಲ್ಲಿ ಮಲಗಿರುವ ರೋಗಿಯ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಗೊರಗುಟ್ಟುತ್ತಿದ್ದರೆ, ಆಮ್ಲಜನಕದ ಕೊರತೆಯಿಂದ ಮಿದುಳಿಗೆ ಎರಡನೆಯ ಪೆಟ್ಟು ಬೀಳುತ್ತಿರುತ್ತದೆ. ತೀವ್ರ ತಲೆಪೆಟ್ಟಿನ ರೋಗಿಯ ರಕ್ತದೊತ್ತಡದ ಮೇಲಿನ ಸಂಖ್ಯೆ ಒಮ್ಮೆ 90ಕ್ಕಿಂತ ಕೆಳಗಿಳಿದರೂ ಸಾವಿನ ಸಂಭವ ಸುಮಾರು ಇಮ್ಮಡಿಯಾಗುತ್ತದೆಂಬುದು ತೊಂಬತ್ತರ ದಶಕದಿಂದಲೇ ಗೊತ್ತಿರುವ ಸಂಗತಿ. ಸಾಗಿಸುವಾಗ ಉಸಿರಿನ ದಾರಿಯನ್ನು ತೆರೆದಿಡುವುದು, ಆಮ್ಲಜನಕ ಕೊಡುವುದು, ರಕ್ತಸ್ರಾವ ನಿಲ್ಲಿಸಿ ರಕ್ತದೊತ್ತಡ ಕಾಯುವುದು, ಇವು ಯಾವುವೂ ದುಬಾರಿ ತಂತ್ರಜ್ಞಾನವಲ್ಲ. ಹೊಸ ಶಸ್ತ್ರಚಿಕಿತ್ಸಾ ಉಪಕರಣಕ್ಕೆ ಹಾಕುವ ಹಣದ ಒಂದು ಪಾಲನ್ನು ಆಂಬುಲೆನ್ಸ್ ಸಿಬ್ಬಂದಿಯ ತರಬೇತಿಗೆ ಹಾಕಿದರೆ ಹೆಚ್ಚು ಜೀವಗಳು ಉಳಿಯುತ್ತವೆಂದು ನಾನು ದೃಢವಾಗಿ ನಂಬಿದ್ದೇನೆ.

ಇನ್ನು ಶಸ್ತ್ರಚಿಕಿತ್ಸೆಯ ನಂತರದ ರಾತ್ರಿ. ಮಿದುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅದೇ ಜಾಗದಲ್ಲಿ ಮತ್ತೆ ರಕ್ತ ಶೇಖರವಾಗುವ ಅಪಾಯ ಮೊದಲ ಕೆಲವು ಗಂಟೆಗಳಲ್ಲಿ ಅತಿ ಹೆಚ್ಚು. ಅದನ್ನು ಹಿಡಿಯುವುದು ಹೇಗೆ? ನರ್ಸ್ ಗಂಟೆಗೊಮ್ಮೆ ಬಂದು ಎರಡೂ ಕಣ್ಣುಗಳಿಗೆ ಟಾರ್ಚ್ ಬಿಟ್ಟು ಪಾಪೆ ಕುಗ್ಗುತ್ತದೆಯೇ ಎಂದು ನೋಡುತ್ತಾರೆ, ಹೆಸರು ಹಿಡಿದು ಕೂಗುತ್ತಾರೆ, ಕೈ ಹಿಸುಕಲು ಹೇಳುತ್ತಾರೆ, ಎಚ್ಚರದ ಮಟ್ಟಕ್ಕೆ ಸಿಕ್ಕ ಅಂಕವನ್ನು ಚಾರ್ಟಿನಲ್ಲಿ ಬರೆಯುತ್ತಾರೆ. ರಾತ್ರಿ ಎರಡು ಗಂಟೆಗೆ ಹೇಳಿದ ಕೂಡಲೇ ಕೈ ಎತ್ತಿದ್ದ ರೋಗಿ ಮೂರು ಗಂಟೆಗೆ ಚಿವುಟಿದರೆ ಮಾತ್ರ ಕೈ ಕದಲಿಸಿದರೆ, ಮೂರೂಕಾಲಕ್ಕೆ ವೈದ್ಯರಿಗೆ ಕರೆ ಹೋಗಬೇಕು, ನಾಲ್ಕರೊಳಗೆ ಸ್ಕ್ಯಾನ್ ಆಗಬೇಕು. ಒಬ್ಬ ನರ್ಸ್ ಒಂದಿಬ್ಬರು ರೋಗಿಗಳನ್ನು ನೋಡಿಕೊಳ್ಳುವ ಐಸಿಯುನಲ್ಲಿ ಇದು ಸಾಧ್ಯ. ಅದೇ ಒಬ್ಬರು ಇಪ್ಪತ್ತು ಮೂವತ್ತು ಹಾಸಿಗೆಗಳ ವಾರ್ಡನ್ನು ನೋಡಿಕೊಳ್ಳುವಾಗ ಆ ಬದಲಾವಣೆ ಕಣ್ಣಿಗೆ ಬೀಳುವುದು ಬೆಳಗಿನ ರೌಂಡ್ಸ್‌ನಲ್ಲಿ, ಅಷ್ಟರಲ್ಲಿ ಪಾಪೆಗಳೆರಡೂ ಹಿಗ್ಗಿರುತ್ತವೆ. ಒಳ್ಳೆಯ ಶಸ್ತ್ರಚಿಕಿತ್ಸೆ ನಷ್ಟವಾಗುವುದು ಹೀಗೆ. ಅದನ್ನು ಯಾರೊಬ್ಬರ ನಿರ್ಲಕ್ಷ್ಯವೆಂದು ಕರೆಯುವುದು ನನಗೆ ಸರಿಯೆನಿಸುವುದಿಲ್ಲ.

ಉಪಕರಣಗಳ ಕೊರತೆಯ ಬಗ್ಗೆ ಒಂದು ಮಾತು. ಬುರುಡೆಯೊಳಗಿನ ಒತ್ತಡವನ್ನು ಸತತವಾಗಿ ಅಳೆಯುವ ಮಾನಿಟರ್ ಬಹಳಷ್ಟು ಆಸ್ಪತ್ರೆಗಳಲ್ಲಿ ಇಲ್ಲ. ಅದಿಲ್ಲದೆ ಚಿಕಿತ್ಸೆ ಕುರುಡು ಚಿಕಿತ್ಸೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಪ್ರಯೋಗ ನಡೆದದ್ದು ಬೊಲಿವಿಯಾ ಮತ್ತು ಎಕ್ವಡಾರ್ ದೇಶಗಳ ಆಸ್ಪತ್ರೆಗಳಲ್ಲಿ. 2012ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ 324 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾನಿಟರ್ ಆಧಾರದ ಮೇಲೆ, ಇನ್ನೊಂದಕ್ಕೆ ಸ್ಕ್ಯಾನ್ ಮತ್ತು ದೈಹಿಕ ಪರೀಕ್ಷೆಯ ಆಧಾರದ ಮೇಲೆ ಚಿಕಿತ್ಸೆ ಕೊಟ್ಟರು. ಎರಡರ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒತ್ತಡವನ್ನು ಗಮನಿಸುವುದೇ ಬೇಡವೆಂದು ಇದರಿಂದ ಅರ್ಥಮಾಡಿಕೊಳ್ಳಬಾರದು, ಏಕೆಂದರೆ ಎರಡೂ ಗುಂಪುಗಳಿಗೆ ಐಸಿಯುನಲ್ಲಿ ಹತ್ತಿರದ ನಿಗಾ ಇತ್ತು. ಮತ್ತೆ ಮತ್ತೆ ಬಂದು ನೋಡುವ ತರಬೇತಾದ ಕಣ್ಣು ಯಂತ್ರದ ಕೊರತೆಯನ್ನು ಬಹುಮಟ್ಟಿಗೆ ತುಂಬಬಲ್ಲದು ಎಂಬಷ್ಟನ್ನು ಅದು ತೋರಿಸಿತು.

ತೊಡಕುಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಸೋಂಕಿಗೆ. ಹೊಲಿಗೆಯ ಮೇಲ್ಮೈಯಲ್ಲಿ ಕೆಂಪಾಗುವುದರಿಂದ ಹಿಡಿದು, ಮೂಳೆಯ ಕೆಳಗೆ ಕೀವು ತುಂಬುವುದು, ಮಿದುಳಿನ ಪೊರೆಗಳಿಗೆ ಸೋಂಕು ತಗುಲುವ ಮೆನಿಂಜೈಟಿಸ್ ಮತ್ತು ಮಿದುಳಿನ ಕುಹರಗಳೊಳಗಿನ (ದ್ರವ ತುಂಬಿದ ಒಳಪೊಳ್ಳುಗಳೊಳಗಿನ) ಸೋಂಕಿನವರೆಗೆ ಇದರ ವ್ಯಾಪ್ತಿಯಿದೆ. ಜನದಟ್ಟಣೆಯ ಐಸಿಯುಗಳಲ್ಲಿ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂತಹ, ಹಲವು ಆ್ಯಂಟಿಬಯೋಟಿಕ್‌ಗಳಿಗೆ ಜಗ್ಗದ ಬ್ಯಾಕ್ಟೀರಿಯಾಗಳು ನೆಲೆಯೂರಿರುತ್ತವೆ. ಅವುಗಳನ್ನು ಕೊಲ್ಲಬಲ್ಲ ಕೊಲಿಸ್ಟಿನ್‌ನಂಥ ಔಷಧ ರಕ್ತದಿಂದ ಮಿದುಳಿನ ದ್ರವಕ್ಕೆ ಸಾಕಷ್ಟು ಇಳಿಯುವುದಿಲ್ಲವಾದ್ದರಿಂದ ಕೆಲವೊಮ್ಮೆ ಕೊಳವೆಯ ಮೂಲಕ ನೇರವಾಗಿ ಕುಹರಕ್ಕೇ ಕೊಡಬೇಕಾಗುತ್ತದೆ. ಇಂಥ ಮೆನಿಂಜೈಟಿಸ್‌ನಿಂದ ಬದುಕುಳಿಯುವುದು ಮೂಲ ಕಾಯಿಲೆಯಿಂದ ಬದುಕುಳಿಯುವುದಕ್ಕಿಂತ ಕಷ್ಟವಾಗುವುದುಂಟು. ಮಿದುಳಿನ ದ್ರವ ಗಾಯದಿಂದಲೋ ಮೂಗಿನಿಂದಲೋ ಸೋರುತ್ತಿದ್ದರೆ ಸೋಂಕಿಗೆ ದಾರಿ ತೆರೆದಂತೆಯೇ. ರಕ್ತ ಅಥವಾ ದ್ರವವನ್ನು ಹೊರಹರಿಸಲು ಬಿಟ್ಟಿರುವ ಡ್ರೆಯಿನ್ ಕೊಳವೆ ಹೆಚ್ಚು ದಿನ ಉಳಿದಷ್ಟೂ ಅಪಾಯ ಹೆಚ್ಚು.

ಇದನ್ನು ತಡೆಯುವ ಕ್ರಮಗಳು ಅಗ್ಗವಾದವು ಎಂಬುದನ್ನು ಒತ್ತಿ ಹೇಳಬೇಕು. ಕೂದಲನ್ನು ರೇಜರಿನಿಂದ ಬೋಳಿಸಿದರೆ ಚರ್ಮದಲ್ಲಿ ಸೂಕ್ಷ್ಮ ಗೀರುಗಳಾಗುತ್ತವಾದ್ದರಿಂದ ಕ್ಲಿಪ್ಪರಿನಿಂದ ಕತ್ತರಿಸುವುದು, ಚರ್ಮ ಕೊಯ್ಯುವುದಕ್ಕೆ ಹಿಂದಿನ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಕೊಡುವುದು, ಒಬ್ಬ ರೋಗಿಯಿಂದ ಇನ್ನೊಬ್ಬರ ಹಾಸಿಗೆಗೆ ಹೋಗುವಾಗ ಕೈ ತೊಳೆಯುವುದು ಇವುಗಳಲ್ಲಿ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನು ಬಡ ಮತ್ತು ಶ್ರೀಮಂತ ದೇಶಗಳ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದ 2009ರ ಅಧ್ಯಯನದಲ್ಲಿ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೂ, ತೊಡಕುಗಳು ಶೇ. 11ರಿಂದ 7ಕ್ಕೂ ಇಳಿದವು. ಅದು ಮಿದುಳಿನ ಶಸ್ತ್ರಚಿಕಿತ್ಸೆಗೆ ಸೀಮಿತವಾದ ಅಧ್ಯಯನವಲ್ಲ. ಆದರೆ ತಲೆಯ ಯಾವ ಪಕ್ಕ ತೆರೆಯಬೇಕು, ರಕ್ತ ಸಿದ್ಧವಿದೆಯೇ, ಆ್ಯಂಟಿಬಯೋಟಿಕ್ ಕೊಟ್ಟಾಯಿತೇ ಎಂದು ಎಲ್ಲರೂ ಒಮ್ಮೆ ನಿಂತು ಜೋರಾಗಿ ಕೇಳಿಕೊಳ್ಳುವ ಪದ್ಧತಿ ನಮ್ಮ ನರಶಸ್ತ್ರಚಿಕಿತ್ಸಾ ವಿಭಾಗಕ್ಕೆ ಬೇರೆಲ್ಲಕ್ಕಿಂತ ಹೆಚ್ಚು ಅಗತ್ಯ.

ಬಡ ದೇಶಗಳ ಪರಿಸ್ಥಿತಿಯೇ ಹೊಸ ದಾರಿ ತೋರಿಸಿದ ಉದಾಹರಣೆಗಳೂ ಇವೆ, ಅವನ್ನು ಹೇಳದಿದ್ದರೆ ಚಿತ್ರ ಪೂರ್ಣವಾಗುವುದಿಲ್ಲ. ಮಿದುಳಿನ ಕುಹರಗಳಲ್ಲಿ ದ್ರವ ತುಂಬಿ ಮಗುವಿನ ತಲೆ ದೊಡ್ಡದಾಗುವ ಹೈಡ್ರೋಸೆಫಲಸ್ ಕಾಯಿಲೆಗೆ, ದ್ರವವನ್ನು ಹೊಟ್ಟೆಗೆ ಇಳಿಸುವ ಶಂಟ್ ಎಂಬ ಕೊಳವೆಯನ್ನು ಅಳವಡಿಸುವುದು ರೂಢಿ. ಶಂಟ್ ಎಂದಾದರೂ ಒಂದು ದಿನ ಕಟ್ಟಿಕೊಳ್ಳಬಹುದು. ಕಟ್ಟಿಕೊಂಡಾಗ ಗಂಟೆಗಳೊಳಗೆ ಆಸ್ಪತ್ರೆ ಸೇರಬೇಕು. ದಿನಗಟ್ಟಲೆ ಪ್ರಯಾಣ ಮಾಡಿದರೆ ಮಾತ್ರ ಆಸ್ಪತ್ರೆ ಸಿಗುವ ಮಗುವಿಗೆ ಅದು ಪ್ರಾಣಾಪಾಯ. ಉಗಾಂಡಾದ ಎಂಬಾಲೆ ಪಟ್ಟಣದ ಮಕ್ಕಳ ಆಸ್ಪತ್ರೆಯಲ್ಲಿ ಬೆಂಜಮಿನ್ ವಾರ್ಫ್ ಎಂಬ ಶಸ್ತ್ರವೈದ್ಯರು ಈ ಶತಮಾನದ ಮೊದಲ ವರ್ಷಗಳಲ್ಲಿ, ಎಂಡೋಸ್ಕೋಪಿನಿಂದ ಕುಹರದ ತಳದಲ್ಲಿ ದ್ರವಕ್ಕೆ ಹೊಸ ದಾರಿ ಮಾಡಿ, ದ್ರವ ಉತ್ಪಾದಿಸುವ ಅಂಗಾಂಶವನ್ನು ಸುಡುವ ವಿಧಾನವನ್ನು ಬೆಳೆಸಿದರು. 2017ರಲ್ಲಿ ಅಲ್ಲಿಂದಲೇ ಬಂದ, 100 ಶಿಶುಗಳ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಬುದ್ಧಿಯ ಬೆಳವಣಿಗೆಯಲ್ಲಿ ಎರಡು ವಿಧಾನಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಮುಂಚೆ, ಭಾರತದಲ್ಲಿ ತಯಾರಾಗುವ ಕಡಿಮೆ ಬೆಲೆಯ ಛಾಬ್ರಾ ಶಂಟನ್ನು ಹತ್ತು ಪಟ್ಟಿಗೂ ಹೆಚ್ಚು ಬೆಲೆಯ ವಿದೇಶಿ ಶಂಟಿನೊಂದಿಗೆ ಉಗಾಂಡಾದ ಮಕ್ಕಳಲ್ಲೇ ಹೋಲಿಸಿ ನೋಡಿದಾಗಲೂ ಫಲಿತಾಂಶ ಸಮನಾಗಿತ್ತು. ಅಗ್ಗದ್ದೆಂದರೆ ಕಳಪೆ ಎಂದು ಭಾವಿಸಿ ಸಾಲ ಮಾಡಿಯಾದರೂ ದುಬಾರಿ ಸಾಧನವನ್ನೇ ಹಾಕಿಸಬೇಕೆಂದು ಹಟ ಹಿಡಿಯುವ ತಂದೆತಾಯಿಯರಿಗೆ ಈ ಅಧ್ಯಯನದ ವಿಷಯ ತಿಳಿಯಬೇಕು.

ಗೆಡ್ಡೆಗಳ ವಿಷಯದಲ್ಲಿ ತಡವಾಗಿ ಬರುವುದೇ ಮುಖ್ಯ ಸಮಸ್ಯೆ. ಬೆಳಗಿನ ತಲೆನೋವು, ವಾಂತಿ, ಮಸುಕಾಗುವ ದೃಷ್ಟಿಗೆ ತಿಂಗಳುಗಟ್ಟಲೆ ಕನ್ನಡಕ ಬದಲಿಸುತ್ತಾ ಕಳೆದವರು ಬರುವ ಹೊತ್ತಿಗೆ ಗೆಡ್ಡೆ ದೊಡ್ಡದಾಗಿ ಕಣ್ಣಿನ ನರ ಒಣಗಿರುತ್ತದೆ. ಗೆಡ್ಡೆಯನ್ನು ಪೂರ್ತಿ ತೆಗೆದರೂ ಹೋದ ದೃಷ್ಟಿ ಮರಳುವುದು ಅಪರೂಪ. ಇದಕ್ಕೆ ವಿರುದ್ಧವಾಗಿ, ವಯಸ್ಸಾದವರಲ್ಲಿ ಸಣ್ಣ ಪೆಟ್ಟಿನ ನಂತರ ವಾರಗಟ್ಟಲೆ ನಿಧಾನವಾಗಿ ಸೇರುವ ಹಳೆಯ ರಕ್ತವನ್ನು ಬುರುಡೆಗೆ ಒಂದೆರಡು ರಂಧ್ರ ಕೊರೆದು ತೆಗೆಯುವ ಚಿಕಿತ್ಸೆ ಸಾಧಾರಣ ಸೌಕರ್ಯದ ಆಸ್ಪತ್ರೆಯಲ್ಲೂ ಒಳ್ಳೆಯ ಫಲ ಕೊಡುತ್ತದೆ. ಒಂದೆರಡು ದಿನ ಮೆದುವಾದ ಡ್ರೆಯಿನ್ ಬಿಟ್ಟರೆ ರಕ್ತ ಮತ್ತೆ ಸೇರುವ ಪ್ರಮಾಣ ಶೇ. 24ರಿಂದ ಸುಮಾರು 9ಕ್ಕೆ ಇಳಿಯುತ್ತದೆಂದು 2009ರ ಬ್ರಿಟನ್ನಿನ ಪ್ರಯೋಗ ತೋರಿಸಿತು. ಬೇಕಾಗಿದ್ದುದು ಒಂದು ಸಾದಾ ರಬ್ಬರಿನಂಥ ಕೊಳವೆ, ಅಷ್ಟೇ.

ಈಗ ನಿಮ್ಮ ತಮ್ಮನ ಬುರುಡೆಯ ಮೂಳೆಯ ವಿಷಯ. ಊದಿಕೊಂಡ ಮಿದುಳಿಗೆ ಜಾಗ ಮಾಡಿಕೊಡಲು ಮೂಳೆಯನ್ನು ಹೊರಗೇ ಬಿಡುತ್ತಾರೆ. ಔಷಧಕ್ಕೆ ಬಗ್ಗದ ಒತ್ತಡವಿದ್ದ ರೋಗಿಗಳಲ್ಲಿ ಹೀಗೆ ಮಾಡಿದಾಗ ಆರು ತಿಂಗಳ ಸಾವಿನ ಪ್ರಮಾಣ ಶೇ. 48.9ರಿಂದ 26.9ಕ್ಕೆ ಇಳಿಯಿತೆಂದು 2016ರ ಅಂತರರಾಷ್ಟ್ರೀಯ ಪ್ರಯೋಗ ಹೇಳಿತು. ಆದರೆ ಒಟ್ಟು ರೋಗಿಗಳಲ್ಲಿ ಎಚ್ಚರವಿಲ್ಲದೆ ಬದುಕುವವರ ಪ್ರಮಾಣ ಶೇ. 2.1ರಿಂದ 8.5ಕ್ಕೆ ಏರಿತು. ಕುಟುಂಬದವರಿಗೆ ಈ ಎರಡೂ ಸಂಖ್ಯೆಗಳನ್ನು ಹೇಳುವುದು ವೈದ್ಯರ ಕರ್ತವ್ಯ. ನಿಮ್ಮ ತಮ್ಮನಿಗೆ ಹೇಳಿದ್ದು ಅರ್ಥವಾಗುತ್ತಿರುವುದು ಅವನು ಆ ಗುಂಪಿನಲ್ಲಿಲ್ಲ ಎಂಬುದಕ್ಕೆ ಗಟ್ಟಿಯಾದ ಸೂಚನೆ. ಅವನದರಂಥ ರಕ್ತಸ್ರಾವದಲ್ಲಿ ಮೂಳೆಯನ್ನು ಮರಳಿ ಕೂಡಿಸುವುದು ಮೇಲೋ, ಹೊರಗಿಡುವುದು ಮೇಲೋ ಎಂಬುದನ್ನು 2023ರ ಇನ್ನೊಂದು ಪ್ರಯೋಗ ಪರೀಕ್ಷಿಸಿತು. ಒಟ್ಟು ಚೇತರಿಕೆ ಎರಡರಲ್ಲೂ ಒಂದೇ ಆಗಿತ್ತು. ಮೂಳೆ ಕೂಡಿಸಿದವರಲ್ಲಿ ಎರಡು ವಾರಗಳೊಳಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರು ಹೆಚ್ಚು, ಮೂಳೆ ಹೊರಗಿಟ್ಟವರಲ್ಲಿ ಗಾಯದ ತೊಡಕುಗಳು ಹೆಚ್ಚು. ರಾತ್ರೋರಾತ್ರಿ ಮರುಸ್ಕ್ಯಾನ್ ಮತ್ತು ಮರುಶಸ್ತ್ರಚಿಕಿತ್ಸೆ ಖಚಿತವಿಲ್ಲದ ಕಡೆ ಮೂಳೆಯನ್ನು ಹೊರಗಿಡುವ ನಿರ್ಧಾರ ವಿವೇಕದ್ದೇ ಎಂದು ನನ್ನ ಅಭಿಪ್ರಾಯ.

ತೆಗೆದ ಮೂಳೆಯನ್ನು ಅತಿಶೀತಲ ಫ್ರೀಜರಿನಲ್ಲಿ ಇಡುತ್ತಾರೆ, ಇಲ್ಲವೇ ರೋಗಿಯ ಹೊಟ್ಟೆಯ ಚರ್ಮದ ಕೆಳಗೇ ಹುದುಗಿಸುತ್ತಾರೆ. ಎರಡನೆಯ ವಿಧಾನಕ್ಕೆ ವಿದ್ಯುತ್ತಿನ ಹಂಗಿಲ್ಲ, ಮತ್ತು ಅದು ಅಸಡ್ಡೆಯ ಕೆಲಸವೂ ಅಲ್ಲ. ಊತ ಇಳಿದು ಗಾಯ ಪೂರ್ತಿ ಒಣಗಿದ ಮೇಲೆ, ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳುಗಳ ನಂತರ, ಅದನ್ನು ಮರಳಿ ಕೂಡಿಸುತ್ತಾರೆ. ಖರ್ಚಿಗೆ ಹೆದರಿ ಇದನ್ನು ವರ್ಷಗಟ್ಟಲೆ ಮುಂದೂಡುವವರನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ. ಮೂಳೆಯಿಲ್ಲದ ಜಾಗ ಒಳಕ್ಕೆ ಕುಸಿದು, ಎದ್ದು ಕುಳಿತಾಗ ತಲೆನೋವು, ತಲೆಸುತ್ತು, ಕೈಕಾಲಿನ ಶಕ್ತಿ ಮತ್ತೆ ಕುಂದುವುದು ಕೆಲವರಲ್ಲಿ ಕಾಣಿಸುತ್ತದೆ. ಮೂಳೆ ಕೂಡಿಸಿದ ಮೇಲೆ ಅವರಲ್ಲಿ ಅನೇಕರು ಸುಧಾರಿಸುತ್ತಾರೆ. ಮೂಳೆ ಕೂಡಿಸುವ ಶಸ್ತ್ರಚಿಕಿತ್ಸೆ ಕಾಣುವಷ್ಟು ಸಣ್ಣದಲ್ಲ. ಸೋಂಕು, ರಕ್ತಸ್ರಾವ, ಮೂಳೆ ಕ್ರಮೇಣ ಕರಗುವುದು ಇದರಲ್ಲೂ ಉಂಟು, ಆದ್ದರಿಂದ ದಿನಾಂಕವನ್ನು ಶಸ್ತ್ರವೈದ್ಯರೇ ನಿರ್ಧರಿಸಲಿ.

ಮನೆಯಲ್ಲಿ ನೀವು ನೋಡಬೇಕಾದದ್ದು ಇಷ್ಟು. ಮೂಳೆಯಿಲ್ಲದ ಜಾಗ ಸಾಮಾನ್ಯವಾಗಿ ಮೆತ್ತಗಿದ್ದು ನಾಡಿಯೊಂದಿಗೆ ಮಿಡಿಯುತ್ತದೆ. ಅದು ಉಬ್ಬಿ ಬಿಗಿಯಾದರೆ ಒಳಗೆ ದ್ರವ ತುಂಬುತ್ತಿರಬಹುದು, ಸೋಂಕಿರಬಹುದು. ಜ್ವರದೊಂದಿಗೆ ಕುತ್ತಿಗೆ ಬಿಗಿತ, ಹೊಲಿಗೆಯಲ್ಲಿ ತೇವ, ಮೂಗಿನಿಂದ ನೀರಿನಂತಹ ಸ್ರಾವ, ಹಿಂದಿನ ದಿನಕ್ಕಿಂತ ಹೆಚ್ಚಿದ ಮಂಪರು, ಫಿಟ್ಸ್, ಒಂದು ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿ ಆ್ಯಂಟಿಬಯೋಟಿಕ್ ಮಾತ್ರೆ ಕೊಟ್ಟು ಕಾಯಬೇಡಿ, ಏಕೆಂದರೆ ಅರೆಬರೆ ಔಷಧದಿಂದ ಸೋಂಕಿನ ಲಕ್ಷಣಗಳು ಮರೆಯಾಗಿ ದ್ರವದ ಪರೀಕ್ಷೆಯೂ ದಾರಿ ತಪ್ಪುತ್ತದೆ. ಫಿಟ್ಸ್ ತಡೆಯುವ ಮಾತ್ರೆಗಳನ್ನು ಪೆಟ್ಟಿನ ನಂತರದ ಮೊದಲ ವಾರಕ್ಕೆಂದು ಕೊಡುವುದು ರೂಢಿ. ಫಿಟ್ಸ್ ಬಂದಿದ್ದವರಿಗೆ ಹೆಚ್ಚು ಕಾಲ ಬೇಕಾಗುತ್ತದೆ. ಎಷ್ಟು ದಿನವೆಂದು ಕೇಳಿ ಬರೆಸಿಕೊಳ್ಳಿ, ಮಾತ್ರೆ ಮುಗಿಯಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಮೂಳೆಯಿಲ್ಲದ ಪಕ್ಕಕ್ಕೆ ಒತ್ತಡ ಬೀಳುವಂತೆ ಮಲಗಿಸಬಾರದು, ಓಡಾಡುವಾಗ ತಲೆಗೆ ರಕ್ಷಣಾ ಟೋಪಿ ಇರಲಿ.

ಬಲಗೈಯ ಬಗ್ಗೆ ಈಗಲೇ ನಿರಾಶರಾಗಬೇಡಿ. ತಲೆಪೆಟ್ಟಿನ ನಂತರದ ಚೇತರಿಕೆ ಮೊದಲ ಆರು ತಿಂಗಳಲ್ಲಿ ವೇಗವಾಗಿದ್ದು, ಆಮೇಲೂ ನಿಧಾನವಾಗಿ ಮುಂದುವರಿಯುತ್ತದೆ. ಭುಜ, ಮೊಣಕೈ, ಬೆರಳುಗಳ ಕೀಲು ಬಿಗಿಯದಂತೆ ದಿನಕ್ಕೆ ಹಲವು ಸಲ ಆಡಿಸುವುದನ್ನು ಫಿಸಿಯೋಥೆರಪಿಸ್ಟರಿಂದ ಮನೆಯವರೊಬ್ಬರು ಕಲಿತುಕೊಳ್ಳಿ, ಏಕೆಂದರೆ ನರದ ಶಕ್ತಿ ಮರಳಿ ಬಂದಾಗ ಕೀಲು ಕಲ್ಲಾಗಿದ್ದರೆ ಪ್ರಯೋಜನವಿಲ್ಲ. ಸಿಟ್ಟು, ಮರೆವು, ಮೌನ ಕಂಡುಬಂದರೆ ಅದು ಹಟಮಾರಿತನವಲ್ಲ, ಗಾಯದ ಭಾಗವೇ; ವೈದ್ಯರಿಗೆ ಹೇಳಿ.

ಮುಂದಿನ ಭೇಟಿಗೆ ಹೋಗುವಾಗ ಬಿಡುಗಡೆ ಪತ್ರ ಮತ್ತು ಎಲ್ಲ ಸ್ಕ್ಯಾನ್‌ಗಳನ್ನು ತೆಗೆದುಕೊಂಡು ಹೋಗಿ. ಮೂಳೆಯನ್ನು ಎಲ್ಲಿ ಇಟ್ಟಿದ್ದಾರೆ, ಎಷ್ಟು ಕಾಲ ಇಟ್ಟಿರುತ್ತಾರೆ, ಕೂಡಿಸುವುದು ಯಾವಾಗ, ಅದು ಬಳಸಲು ಬಾರದಂತಾದರೆ ಬದಲಿಗೆ ಏನು ಹಾಕುತ್ತಾರೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಹೊರರೋಗಿ ವಿಭಾಗದಿಂದ ಏಳಬೇಡಿ. ತಮ್ಮ ಚೆನ್ನಾಗಿ ಕಾಣುತ್ತಿದ್ದಾನೆಂಬ ಕಾರಣಕ್ಕೆ ಆ ಭೇಟಿಯನ್ನು ತಪ್ಪಿಸಲೂ ಬೇಡಿ.